ತವರಿನ ಎಮ್ಮೆ

ಪಕ್ಕದ ಮನೆಯ ಕಾಶಕ್ಕನ ಸೊಂಟ ಹೋದದ್ದು ನನ್ನಿಂದ. ಓಣಿಯವರು ವಾತ ಅನ್ನುತ್ತಿದ್ದರು, ಅವಳು ಹಣೆಬರಹ ಅನ್ನುತ್ತಿದ್ದಳು. ನಾನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ.

ಆ ಎಮ್ಮೆ ನನ್ನ ತವರಿನದು. ಮೊದಲ ಬಾಣಂತನ ಮುಗಿಸಿ ಕೂಸಿನೊಂದಿಗೆ ಚಡಚಣದಿಂದ ಕನ್ನೊಳ್ಳಿಗೆ ಹೊರಟಾಗ, ಮೊಮ್ಮಗನ ಹಾಲಿಗೆ ಇರಲಿ ಎಂದು ಅಪ್ಪ ಅದಕ್ಕೆ ಕುಂಕುಮ ಹಚ್ಚಿ ಟೆಂಪೋ ಹತ್ತಿಸಿ ಕಳಿಸಿದ್ದ. ಅತ್ತೆ ಎಮ್ಮೆಯ ಸುತ್ತ ಒಂದು ಸುತ್ತು ಬಂದು, "ಕೊಟ್ಟಾರ ಖರೆ. ಎಂಥಾದ್ದು ಕೊಟ್ಟಾರೋ ನೋಡೂಣು" ಎಂದರು. ಅಂದಿನಿಂದ ಅದು ಹಾಲು ಕಡಿಮೆ ಕೊಟ್ಟರೆ ಅಪ್ಪನ ಮಾನ ಹೋಗುತ್ತಿತ್ತು. ಹೆಚ್ಚು ಕೊಟ್ಟರೆ ಅತ್ತೆ ಸುಮ್ಮನಿರುತ್ತಿದ್ದರು, ಅಷ್ಟೇ.

ಮುಂದಿನ ಸಲ ಗಬ್ಬವಾದಾಗ ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿತು. ಸತ್ತ ಕರು ಅರ್ಧಕ್ಕೇ ನಿಂತಿತ್ತು. ಕಾಶಕ್ಕನನ್ನು ಕೂಗಿದೆ — ಓಣಿಯಲ್ಲಿ ಯಾರ ದನ ಈಯುವಾಗಲೂ ಅವಳೇ ಬೇಕು. ಬಳೆ ಮೇಲೇರಿಸಿ, ಕೈಗೆ ಕುಸುಬಿ ಎಣ್ಣೆ ಸವರಿಕೊಂಡು ಕರು ಎಳೆದಳು. ಮಾಸು ಬೀಳಲಿಲ್ಲ, ಅದನ್ನೂ ಬರಿಗೈಯಿಂದಲೇ ಬಿಡಿಸಿದಳು. ಆಮೇಲೆ ದನದ ಡಾಕ್ಟರು ಬಂದು ಎಮ್ಮೆಯ ರಕ್ತ ತೆಗೆದುಕೊಂಡು ಹೋದರು. ಅವರು ಮತ್ತೆ ಬಂದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ.

"ಇದು ಕಂದು ರೋಗ ಅಕ್ಕಾರ. ಮನುಷ್ಯಾರಿಗೂ ಹತ್ತತೈತಿ. ಹಾಲು ಚಲೋತ್ನಂಗ ಕುದಿಸ್ರಿ. ಕೈ ಹಾಕಿದವರಿಗೆ ಜ್ವರ ಬಂದ್ರ ದವಾಖಾನ್ಯಾಗ ಈ ಮಾತು ಹೇಳ್ಬೇಕ್ರಿ."

ಹಾಲು ಕುದಿಸಿದೆ — ನನ್ನ ಮಗ ಕುಡಿಯುತ್ತಿದ್ದನಲ್ಲ, ಉಕ್ಕಿ ಉಕ್ಕಿ ಬರುವ ತನಕ ಕುದಿಸಿದೆ. ಬಾಯಿ ಮಾತ್ರ ಬಿಡಲಿಲ್ಲ. ರೋಗ ತವರಿನಿಂದಲೇ ಬಂತೋ, ಇಲ್ಲಿಯ ಕೋಣದಿಂದ ಬಂತೋ, ಯಾರು ಕೇಳುತ್ತಾರೆ? ರೋಗದ ಎಮ್ಮೆ ಕಟ್ಟಿ ಕಳಿಸಿದರು ಎಂಬ ಮಾತು ಅತ್ತೆಯ ಬಾಯಿಗೆ ಸಿಕ್ಕರೆ ನಾನು ಆ ಮನೆಯಲ್ಲಿ… ಎಮ್ಮೆ ಕಾಲು ಜಾರಿ ಬಿದ್ದಿತ್ತು ಎಂದು ಕಥೆ ಕಟ್ಟಿದೆ.

ಜೋಳದ ರಾಶಿಯ ಹೊತ್ತಿಗೆ ಕಾಶಕ್ಕನಿಗೆ ಜ್ವರ ಹಿಡಿಯಿತು. ಸಂಜೆಗೆ ಏರುವುದು, ಬೆವರಿ ಇಳಿಯುವುದು, ಮತ್ತೆ ಏರುವುದು. ರೊಟ್ಟಿ ಬಡಿಯಲು ಕೂತರೆ ಏಳಲಾಗದಂಥ ಸೊಂಟನೋವು. ಅವಳ ಗಂಡ ಕಣ ಬಿಟ್ಟು ಬರುವಂತಿರಲಿಲ್ಲ. ಸಿಂದಗಿಯ ದವಾಖಾನೆಗೆ ನಾನೇ ಜೊತೆಗೆ ಹೊರಟೆ. ಮೊಣಕಾಲು ತೋರಿಸಬೇಕೆಂದು ಅತ್ತೆಯೂ ಬಸ್ಸು ಹತ್ತಿದರು.

ಡಾಕ್ಟರು ಕಾಶಕ್ಕನನ್ನು ಕೇಳಿದರು: "ಮನ್ಯಾಗ ದನ ಅದಾವೇನು? ಯಾವುದಾದ್ರೂ ಕಂದು ಹಾಕೇತೇನು?"

ಅವಳು ನನ್ನ ಮುಖ ನೋಡಿದಳು. "ನಮ್ಮವಲ್ರಿ. ಇವರ ಎಮ್ಮಿ…"

ಬಲಕ್ಕೆ ಕಾಶಕ್ಕ, ಎಡಕ್ಕೆ ಅತ್ತೆ. ಅತ್ತೆಯ ಕಣ್ಣೂ ನನ್ನ ಮೇಲೆಯೇ.

"ಅದು ಕಾಲು ಜಾರಿ ಬಿದ್ದಿತ್ರಿ. ರೋಗ ಏನಿಲ್ರಿ. ದನದ ಡಾಕ್ಟ್ರು ನೋಡ್ಯಾರ."

ಡಾಕ್ಟರು ತಲೆಯಾಡಿಸಿ ವಾತಕ್ಕೆ ಗುಳಿಗೆ ಬರೆದುಕೊಟ್ಟರು.

ಮರುದಿನ ಒಬ್ಬಳೇ ಹೋಗಿ ನಿಜ ಹೇಳಬಹುದಿತ್ತು. ಅದರ ಮರುದಿನವೂ. ಆದರೆ ಈಗ ರೋಗದ ಜೊತೆಗೆ ಸುಳ್ಳನ್ನೂ ಒಪ್ಪಿಕೊಳ್ಳಬೇಕಿತ್ತು — ತಡವಾದಷ್ಟೂ ಬಾಯಿ ಕಟ್ಟಿತು. ಅವಳು ಕಂಡಕಂಡವರ ಔಷಧಿ ತಿಂದಳು. ನಾನು ಅವಳ ಬೆನ್ನಿಗೆ ಎಣ್ಣೆ ತಿಕ್ಕಿದೆ. ಥೂ, ಎಂಥ ನಾಚಿಕೆಗೆಟ್ಟ ಕೈ ನನ್ನದು! ಕೊನೆಗೆ ವಿಜಾಪುರದಲ್ಲಿ ರಕ್ತ ನೋಡಿ ಅದೇ ಕಂದು ರೋಗ ಎಂದು ಪತ್ತೆ ಹಚ್ಚಿದರು. ಔಷಧಿಗೆ ಜ್ವರ ಬಿಟ್ಟಿತು, ಸೊಂಟ ಮರಳಲಿಲ್ಲ. "ಎಷ್ಟೋ ದನಕ್ಕ ಕೈ ಹಾಕೀನಿ, ಎಲ್ಲಿಂದ ಹತ್ತಿತೋ ಏನೋ" ಎನ್ನುತ್ತ ಗೋಡೆ ಹಿಡಿದು ನಡೆಯುತ್ತಿದ್ದಳು. ಮತ್ತೆ ಯಾರ ಕೊಟ್ಟಿಗೆಗೂ ಅವಳನ್ನು ಯಾರೂ ಕರೆಯಲಿಲ್ಲ.

ಅಪ್ಪ ಹೋದ. ಅತ್ತೆಯೂ ಹೋದರು. ಯಾರ ಮಾನಕ್ಕೆ, ಯಾರ ಬಾಯಿಗೆ ಅಂಜಿದ್ದೆನೋ ಅವರು ಯಾರೂ ಉಳಿಯದ ಮೇಲೆ ನನಗೆ ಧೈರ್ಯ ಬಂತು — ಅದನ್ನು ಧೈರ್ಯ ಎನ್ನಬಹುದಾದರೆ. ಹೋದ ತಿಂಗಳು ಅವಳೆದುರು ಕೂತು ಎಲ್ಲ ಹೇಳಿದೆ. ಕಡಲೆ ಸೊಪ್ಪು ಸೋಸುತ್ತಿದ್ದ ಕಾಶಕ್ಕನ ಕೈ ನಿಂತಿತು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

"ನನಗಷ್ಟ ಹೇಳಿದ್ರ ಸಾಕಾಗಿತ್ತಲ್ಲ ನೀಲವ್ವಾ," ಎಂದಳು. "ನಿಮ್ಮತ್ತಿ ಮುಂದ ನಾ ಹೇಳ್ತಿದ್ದೆನೇನು?"

ಹೇಳುತ್ತಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು.