ಇದರಾಗ ಹೊಸಾದು ಏನದ?

ಕೈಗೆ ಏನು ಕೊಟ್ಟರೂ ಬಸಪ್ಪಮಾಮಾ ಮೊದಲು ಅದರ ತಳ ನೋಡುತ್ತಿದ್ದರು. ಹೊಸ ಪೆನ್ನು, ಹಿತ್ತಾಳೆಯ ಬೀಗ, ಕುಂಕುಮದ ಭರಣಿ, ಯಾವುದೇ ಇರಲಿ, ಬೋರಲು ಹಾಕಿ, ಕನ್ನಡಕವನ್ನು ಹಣೆಗೇರಿಸಿ, ಕಣ್ಣಿನ ಹತ್ತಿರ ತಂದು ನೋಡಿದ ಮೇಲೆಯೇ ಅದರ ಮುಖ ಮೇಲೆ ಮಾಡುತ್ತಿದ್ದರು. ಒಮ್ಮೆ ಅವ್ವ ಹೊಸ ಸ್ಟೀಲು ಲೋಟದಲ್ಲಿ ಚಹಾ ಕೊಟ್ಟಳು. ಅದನ್ನೂ ತಿರುವಿದರು. ಚಹಾ ಎಲ್ಲಾ ಪ್ಯಾಂಟಿನ ಮೇಲೆ ಬಿತ್ತು.

"ತುಂಬಿದ್ದು ಯಾವುದು, ಖಾಲಿ ಯಾವುದು, ಅದೂ ಕಾಣಂಗಿಲ್ಲೇನೋ ನಿನಗ?" ಎಂದು ಅವ್ವ ಬೈದಳು.

"ಅಂಚು ಬ್ಯಾರೆ ತರಾ ಮಡಚ್ಯಾರಕ್ಕಾ. ಅದಕ್ಕ ನೋಡಿದೆ," ಎಂದರು ಮಾಮಾ, ಸುಟ್ಟ ತೊಡೆಯನ್ನು ಉಜ್ಜಿಕೊಳ್ಳುತ್ತಾ.

ಅಂದಿನಿಂದ ಅವ್ವ ತಮ್ಮನಿಗೆ ಮನೆಯ ಅತ್ಯಂತ ಹಳೆಯ ಲೋಟದಲ್ಲೇ ಚಹಾ ಕೊಡುತ್ತಿದ್ದಳು.

ಮಾಮಾ ಮಾನ್ವಿಯವರು. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿ, ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಕಲಕತ್ತೆಯ ಒಂದು ಸರ್ಕಾರಿ ಕಚೇರಿಗೆ ಸೇರಿದವರು ಅಲ್ಲೇ ಉಳಿದುಬಿಟ್ಟರು. ಮದುವೆಯಾಗಲಿಲ್ಲ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ರಾಯಚೂರಿನ ನಮ್ಮ ಮನೆಗೆ ಬರುತ್ತಿದ್ದರು. ಯಾರಾದರೂ ಒಂದು ವಸ್ತುವಿಗೆ ಹೊಸ ಆಕಾರ ಕೊಟ್ಟರೆ, ಇದು ನನ್ನದು ಎಂದು ಸರ್ಕಾರದ ಪುಸ್ತಕದಲ್ಲಿ ಬರೆಸಿಕೊಳ್ಳಬಹುದು. ಬರೆಯುವ ಮೊದಲು, ಅಂಥದ್ದು ಈ ದೇಶದಲ್ಲಿ ಎಲ್ಲಿಯೂ ಜನರ ಕಣ್ಣಿಗೆ ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆ ಖಾತ್ರಿ ಮಾಡುವುದೇ ಮಾಮಾನ ಕೆಲಸ. ಇದನ್ನು ಓಣಿಯ ಹೆಂಗಸರಿಗೆ ತಿಳಿಸಿ ಹೇಳುವುದು ಅವ್ವನಿಗೆ ಕಷ್ಟವಾಗುತ್ತಿತ್ತು. "ಹೊಸಾದು ಹುಡುಕೋ ನೌಕರಿ," ಎನ್ನುತ್ತಿದ್ದಳು. ಪಕ್ಕದ ಮನೆಯಾಕೆ ಪ್ರತಿ ವರ್ಷ ಕೇಳುತ್ತಿದ್ದಳು, "ಸಿಕ್ಕದೇನ್ರೀ ಇಲ್ಲೀತನ?"

"ಇದರಾಗ ಹೊಸಾದು ಏನದ?" ಎಂಬುದು ಮಾಮಾನ ಮಾತು. ನನ್ನ ಕಾಲೇಜು ಪ್ರಬಂಧ ಓದಿದರೂ ಅದೇ ಪ್ರಶ್ನೆ, ಅವ್ವ ನೆಂಟರ ಮೇಲೆ ದೂರು ಹೇಳಿದರೂ ಅದೇ. ಆ ದನಿಯಲ್ಲಿ ತಾತ್ಸಾರ ಇರುತ್ತಿರಲಿಲ್ಲ. ಈ ಸಲವಾದರೂ ಇರಬಹುದು ಎಂಬ ಆಸೆ ಇರುತ್ತಿತ್ತು. ನಾನು ಪತ್ರದಲ್ಲಿ "ಸುಮಾರು" ಎಂದು ಬರೆದರೆ, "ಸುಮಾರು ಅಂದ್ರ ಎಷ್ಟು?" ಎಂದು ಉತ್ತರ ಬರುತ್ತಿತ್ತು. ನಾನು ಭೌತಶಾಸ್ತ್ರ ಓದಿದ್ದಕ್ಕೆ, ಇವತ್ತಿಗೂ ಅಳೆದು ಮಾತಾಡುವುದಕ್ಕೆ ಅವರೇ ಕಾರಣ.

"ಹೌದು, ಹೊಸಾದು ಅದ" ಎಂದು ಅವರ ಬಾಯಿಂದ ನಾನು ಕೇಳಿದ್ದು ಒಂದೇ ಸಲ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಬಿ.ಎಸ್ಸಿ. ಮುಗಿಸಿದ್ದೆ. ದೇವದುರ್ಗದಲ್ಲಿ ನೆಂಟರ ಮಗುವಿಗೆ ಹೆಸರಿಡುವುದಿತ್ತು. ಬಸ್ಸು ತಪ್ಪಿದ್ದರಿಂದ ನಾನೂ ಮಾಮಾನೂ ಬಾಡಿಗೆ ಜೀಪಿನಲ್ಲಿ ಮುಂದೆ ಕೂತಿದ್ದೆವು. ಕಲ್ಮಲ ದಾಟಿದ ಮೇಲೆ ಬಿಸಿಲು ಏರಿತು. ಆಗ ನಾನು ಕಂಡೆ: ಎದುರಿನ ಗಾಜಿನ ಮೇಲೆ, ರಸ್ತೆಯ ನೆತ್ತಿಯಲ್ಲೇ ತೇಲುವಂತೆ, ಗಡಿಯಾರದಲ್ಲಿರುವಂಥ ಒಂದು ಮುಳ್ಳು, ಪಕ್ಕದಲ್ಲಿ ಒಂದು ಕೆಂಪು ಗೆರೆ.

"ಮಾಮಾ, ಗಾಜಿನ್ಯಾಗ ನೋಡ್ರಿ!" ಎಂದೆ.

ತೋರಿಸಿದವಳು ನಾನು. ಇದನ್ನು ಇಲ್ಲಿ ಬರೆದಿಡಬೇಕು.

"ಅದಾ? ಖಾಸೀಂ ಮಿಸ್ತ್ರಿ ಟೊಪ್ಪಿಗಿರಿ," ಎಂದ ಡ್ರೈವರ್. "ಇಂಜಿನ್ ಕಾದದೋ ಇಲ್ಲೋ ಅಂತ ಕೆಳಗ ಬಗ್ಗಿ ನೋಡೋದು ಬ್ಯಾಡ. ರಸ್ತೆ ನೋಡಾಕತ್ತಾಗ ಮುಳ್ಳೂ ಕಾಣ್ತದ. ಕೆಂಪಿಗೆ ಬಂದ್ರ ನಿಲ್ಲಸೋದು, ನೀರು ಹಾಕೋದು."

ಗಾಜಿನ ಕೆಳಗೆ ಒಂದು ತಗಡಿನ ಗೂಡು ಕೂತಿತ್ತು. ಒಳಗೆ ಸಣ್ಣ ಬಲ್ಬು, ಮುಳ್ಳು, ದೀಪದ ಕಾಡಿಗೆ ಬಳಿದ ಕಪ್ಪು ಗೋಡೆ. ದೂರ ನೋಡುವವರು ಹಣೆಗೆ ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೆ ಬಾಗಿದ ಮುಚ್ಚಿಗೆ. ಆ ಬಾಗಿನಿಂದಲೇ ನಮ್ಮ ಬಿಸಿಲು ಒಳಗೆ ನುಗ್ಗಿ ಮುಳ್ಳಿನ ಬಿಂಬವನ್ನು ಅಳಿಸುತ್ತಿರಲಿಲ್ಲ. ಮಾಮಾನ ಕೈ ಆಗಲೇ ಅದನ್ನು ಎತ್ತಲು ಹೋಗಿತ್ತು.

"ಏ ಸಾಹೇಬ್ರ, ಮುಟ್ಟಬ್ಯಾಡ್ರಿ! ಅದರ ತಳ ದೇವದುರ್ಗದಾಗ ಇಳದ ಮ್ಯಾಲೆ ನೋಡ್ರಿ. ಈಗ ನೋಡಿದ್ರ ನಮ್ಮ ತಳ ಮ್ಯಾಲಾಗ್ತದ!"

ದೇವದುರ್ಗದಲ್ಲಿ ಮಾಮಾ ಅದನ್ನು ಬಿಚ್ಚಿಸಿ, ಬೋರಲು ಹಾಕಿ ನೋಡಿದರು. ತಳದಲ್ಲಿ ಮೊಳೆಯಿಂದ ಗೀರಿದ ಉರ್ದು ಅಕ್ಷರಗಳಿದ್ದವು. ಹೆಬ್ಬೆರಳಿನಿಂದ ಧೂಳು ಒರೆಸಿ, "ರಫೀಕ್," ಎಂದು ಓದಿದರು. "ಯಾರಪ್ಪಾ ಇದು?"

"ನನಗೇನು ಗೊತ್ರಿ. ತಳ ಯಾರು ನೋಡ್ತಾರ?"

ಮಾಮಾ ನನ್ನ ಕಡೆ ತಿರುಗಿದರು. ಅಷ್ಟು ಬೆಳಗಿದ ಮುಖ ನಾನು ಮತ್ತೆ ನೋಡಲಿಲ್ಲ. "ಇದರಾಗ ಹೊಸಾದು ಅದ," ಎಂದರು.

ಆಮೇಲೆ ಡ್ರೈವರನನ್ನು ಕೇಳಿದರು, "ಎಷ್ಟು ಗಾಡಿಗೆ ಹಾಕ್ಯಾರ ಇಂಥದ್ದು?"

"ಹತ್ತು ಹನ್ನೆರಡು ಅದಾವ್ರಿ. ಮಾನ್ವಿ, ಸಿರವಾರ, ಇತ್ತ ಅರಕೇರಾ ತನಕ ಓಡ್ತಾವ. ಎರಡು ವರ್ಷ ಮ್ಯಾಲಾತು."

ಮಾಮಾ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಊಟವನ್ನೂ ಅರ್ಧಕ್ಕೇ ಬಿಟ್ಟು ಎದ್ದರು. ಬಿಸಿಲಿಗೆ ಸುಸ್ತಾಗಿರಬೇಕು ಎಂದುಕೊಂಡೆ.

ಖಾಸೀಂ ಮಿಸ್ತ್ರಿಯ ಗ್ಯಾರೇಜು ನಮ್ಮ ಓಣಿಯ ಬಾಯಲ್ಲೇ ಇತ್ತು. ದಿನಾ ಹಾಯುತ್ತಿದ್ದರೂ ಅದರ ಬೋರ್ಡನ್ನು ನಾನು ಗಮನಿಸಿ ಓದಿದ್ದು ದೇವದುರ್ಗದಿಂದ ಬಂದ ಮೇಲೆಯೇ: "ರಫೀಕ್ ಆಟೋ ವರ್ಕ್ಸ್". ರಫೀಕ್ ಅವರ ತಮ್ಮ, ಲಾರಿ ಡ್ರೈವರ್. ಮಾನ್ವಿ ರಸ್ತೆಯಲ್ಲಿ ಇಂಜಿನ್ ಕಾದಿತೇನೋ ಎಂದು ಮುಳ್ಳು ನೋಡಲು ಬಗ್ಗಿದಾಗ ಲಾರಿ ಸೇತುವೆಯ ಕಟ್ಟೆಗೆ ಹೊಡೆದು ತೀರಿಕೊಂಡಿದ್ದ. ಮರುವರ್ಷ ನಾನು ಮಿಸ್ತ್ರಿಗೆ, ಈ ಟೊಪ್ಪಿಗೆಯ ಆಕಾರವನ್ನು ಸರ್ಕಾರದ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಬರೆಸಬಹುದು ಎಂದು ಹೇಳಿದೆ. ಅವರು ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತಾ ಬೋರ್ಡಿನ ಕಡೆ ನೋಡಿದರು.

"ನನ್ನ ಹೆಸರು ಬ್ಯಾಡ ಬೇಟಿ. ಬೋರ್ಡಿನ ಮ್ಯಾಲಿನ ಹೆಸರು ಬರಸಾಕ ಬರ್ತದೇನು?"

"ಬರ್ತದ ಚಾಚಾ. ಯಾಕ?"

"ಪೊಲೀಸ್ರ ಬುಕ್ಕಿನಾಗ ಅವನ ಹೆಸರು ಬರದಾರ. 'ಡ್ರೈವರನ ತಪ್ಪು' ಅಂತ. ಅದೂ ಸರ್ಕಾರಿ ಬುಕ್ಕೇ. ಇನ್ನೊಂದು ಸರ್ಕಾರಿ ಬುಕ್ಕಿನಾಗ ಒಂದು ಚಲೋ ಮಾತಿಗೆ ಅವನ ಹೆಸರು ಬರಲಿ. ಅಷ್ಟ ಸಾಕು ನನಗ."

ಮುಂದಿನ ನೋಟ, ಪಕ್ಕದ ನೋಟ, ಮೇಲಿನ ನೋಟ, ಮೂರನ್ನೂ ನಾನೇ ಅಳತೆ ಹಿಡಿದು ಬರೆದೆ. ತಳದ ಚಿತ್ರ ಬೇಡ ಎಂದರು ಮಿಸ್ತ್ರಿ. ಇಂಗ್ಲಿಷ್ ಅರ್ಜಿಯೂ ನನ್ನ ಅಕ್ಷರದ್ದೇ. ಮಾಮಾನಿಗೆ ಮಾತ್ರ ಒಂದು ಸಾಲೂ ಬರೆಯಲಿಲ್ಲ. ನಮ್ಮವರು ಆ ಕಚೇರಿಯಲ್ಲಿದ್ದಾರೆ ಎಂದು ಶಿಫಾರಸು ಹೇಳಿಸುವುದು ನನಗೆ ಹೀನ ಎನಿಸಿತು. ಬರೆದಿದ್ದರೆ, ಇದು ಆಗುವುದಿಲ್ಲ ಎಂದು ಅವರು ಮೊದಲೇ ತಿಳಿಸುತ್ತಿದ್ದರು. ಮಿಸ್ತ್ರಿ ಒಂದು ವರ್ಷ ದಾರಿ ಕಾಯುವುದು ತಪ್ಪುತ್ತಿತ್ತು. ಜನರ ಕಣ್ಣಿಗೆ ಬಿದ್ದಿರಬಾರದು ಎಂಬ ನಿಯಮ ನನಗೆ ಗೊತ್ತಿತ್ತು. ಅದು ಬೇರೆಯವರು ಮಾಡಿದ್ದಕ್ಕೆ ಎಂದು ತಿಳಿದಿದ್ದೆ. ತಾನೇ ಮಾಡಿ ತಾನೇ ನಾಲ್ಕು ಜನರಿಗೆ ಹಂಚಿದರೂ ಅದು ಹಳತಾಗುತ್ತದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಕಲಕತ್ತೆಯಿಂದ ಮೊದಲು ಬಂದದ್ದು ಒಂದೇ ಪ್ರಶ್ನೆ. ಅರ್ಜಿ ಹಾಕುವ ಮೊದಲು ಈ ಆಕಾರದ ವಸ್ತು ಸಾರ್ವಜನಿಕರ ಬಳಕೆಯಲ್ಲಿತ್ತೇ? ಕೆಳಗಿನ ಸಣ್ಣ ಸಹಿಯನ್ನು ಎರಡು ಸಲ ನೋಡಿದೆ. ನನಗೆ ಬರುತ್ತಿದ್ದ ಮಾಮಾನ ಪತ್ರಗಳ ಕೊನೆಯಲ್ಲಿ ಇರುತ್ತಿದ್ದ ಸಹಿಯೇ ಅದು.

ಮಿಸ್ತ್ರಿಗೆ ಪ್ರಶ್ನೆ ಮಾತ್ರ ಓದಿ ಹೇಳಿದೆ, ಸಹಿ ಯಾರದೆಂದು ಹೇಳಲಿಲ್ಲ. ಅವರು ಹಿಗ್ಗಿದರು. "ಇತ್ತಲ್ಲ! ಸಾಕ್ಷಿ ಕೇಳ್ಯಾರ!" ಎಂದವರೇ ಒಂದು ವಾರ ಜೀಪು ನಿಲ್ಲುವ ಕಡೆಯೆಲ್ಲಾ ತಿರುಗಿ, ಹನ್ನೊಂದು ಡ್ರೈವರುಗಳ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬಂದರು. ಅಷ್ಟರಲ್ಲಿ ನಾನು ನಿಯಮದ ಅರ್ಥ ವಿಚಾರಿಸಿ ತಿಳಿದುಕೊಂಡಿದ್ದೆ.

"ಚಾಚಾ, ಹೌದು ಅಂತ ಬರದ್ರ ಇದು ಹೊಸಾದಲ್ಲ ಅಂತಾರ."

"ಮಾಡಿದಾವ ನಾನ. ಹೊಸಾದಲ್ಲ ಅಂದ್ರ ಹೆಂಗ?"

"ಮಂದಿ ನೋಡಿಬಿಟ್ಟಾರ. ನಿಯಮ ಹಂಗದ."

"ಇಲ್ಲ ಅಂತ ಬರದ್ರ?"

ನನ್ನ ಉತ್ತರಕ್ಕೆ ಕಾಯದೆ ಅವರು ಕೈಯಲ್ಲಿದ್ದ ಹಾಳೆಯ ಹೆಬ್ಬೆಟ್ಟುಗಳನ್ನು ನೋಡುತ್ತಾ ನಿಂತರು. "ಹನ್ನೊಂದು ಮಂದಿನ್ನ ಸುಳ್ಳು ಮಾಡಿದಂಗಾಗ್ತದ. ಒಂದು ಬುಕ್ಕಿನಾಗ ಅವನ ಮ್ಯಾಲೆ ಸುಳ್ಳು ಬರದಾರ. ಇನ್ನೊಂದರಾಗ ನಾ ಬರಸೋದು ಬ್ಯಾಡ. ಖರೇನ ಬರಿ."

ಬರೆದೆ. ಹಾಳೆಯನ್ನೂ ಜೊತೆಗಿಟ್ಟು ಕಳಿಸಿದೆ. ಮನಸ್ಸಿನ ಒಂದು ಮೂಲೆಯಲ್ಲಿ ನನಗೆ ನಂಬಿಕೆ ಇತ್ತು, ಅಲ್ಲಿ ಕೂತವರು ನಮ್ಮ ಮಾಮಾ, ಇದರಾಗ ಹೊಸಾದು ಅದ ಎಂದವರು.

ಎರಡು ತಿಂಗಳ ಮೇಲೆ ಉತ್ತರ ಬಂತು. ಎರಡು ಪುಟ, ಅದೇ ಸಹಿ. ಮೊದಲ ಪುಟದ ಮೂರನೇ ಸಾಲಿನಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದಿತ್ತು. ಎರಡನೆಯದರಲ್ಲಿ ಕಾರಣಗಳಿರುತ್ತವೆ. ಕಾರಣ ನನಗೆ ಗೊತ್ತೇ ಇತ್ತು. ಓದಲಿಲ್ಲ. ಮಿಸ್ತ್ರಿಗೆ ಮೂರು ಸಾಲು ಹೇಳಿ ಕಾಗದ ಮಡಚಿಟ್ಟೆ.

"ಹೋಗ್ಲಿ ಬಿಡು ಬೇಟಿ," ಎಂದರು. ಮರುದಿನವೂ ಒಂದು ಜೀಪಿಗೆ ಟೊಪ್ಪಿಗೆ ಕೂಡಿಸುತ್ತಿದ್ದರು. ಆದರೆ ನಾನು ಹಾಯುವಾಗ, "ಕಾಗದ ಬಂತೇನು?" ಎಂದು ಕೂಗುವುದು ನಿಂತುಹೋಯಿತು.

ಆ ಬೇಸಿಗೆಯಲ್ಲೂ ಮಾಮಾ ಬಂದರು. ನಾನು ಚಹಾದ ಲೋಟವನ್ನು ಪಕ್ಕದಲ್ಲಿಟ್ಟು ಒಳಗೆ ಹೋಗುತ್ತಿದ್ದೆ. ನನಗೆ ಜಗಳ ಆಡಲು ಬರುವುದಿಲ್ಲ. ಮಾತು ನಿಲ್ಲಿಸಲು ಬರುತ್ತದೆ. ಎಂಟು ದಿನ ಹಾಗೇ ಕಳೆದೆವು. ಹೊರಡುವ ದಿನ ಅವ್ವ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೊಟ್ಟು ನನ್ನನ್ನು ಸ್ಟೇಷನ್ನಿಗೆ ಕಳಿಸಿದಳು. ಪ್ಲಾಟ್‌ಫಾರ್ಮಿನಲ್ಲಿ ನಾನೇ ಕೇಳಿದೆ.

"ಆ ಫೈಲು ಬ್ಯಾರೆಯವರ ಕಡೆ ಕೊಟ್ಟಿದ್ರ ಆಗ್ತಿತ್ತಲ್ರಿ ಮಾಮಾ? ಅವರು ಜೀಪು ನೋಡಿರಲಿಲ್ಲ. ಪ್ರಶ್ನೆನೇ ಕೇಳ್ತಿರಲಿಲ್ಲ."

"ನೋಡಿದ್ದನ್ನ ನೋಡಿಲ್ಲ ಅಂತ ಸುಳ್ಳು ಹೇಳಿ ಕೊಡಬೇಕಾಗ್ತಿತ್ತವ್ವಾ," ಎಂದರು. ಸ್ವಲ್ಪ ತಡೆದು, "ಎರಡನೇ ಪುಟ ಓದಿ ಹೇಳಿದ್ಯಾ ಮಿಸ್ತ್ರಿಗೆ?"

"ಹೇಳೀನಿ."

"ಏನಂದ?"

ಹೊಸದೇನಿದೆ ಎಂದು ಕೇಳುವಾಗಿನ ಆಸೆಯೇ ಆ ಮುಖದಲ್ಲಿತ್ತು.

"ಏನೂ ಅನಲಿಲ್ಲ," ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಗಾಡಿ ಬಂತು. ಗಂಟು ಕೈಗೆ ಕೊಟ್ಟೆ. ಅದನ್ನು ತಿರುವಿ ನೋಡದೆ ಹಾಗೇ ಹಿಡಿದುಕೊಂಡು ಹತ್ತಿದರು.

ಆ ಚಳಿಗಾಲದಲ್ಲಿ ತಂತಿ ಬಂತು. ಕಚೇರಿಯ ಮೆಟ್ಟಿಲ ಮೇಲೆ ಕುಸಿದರಂತೆ. ನಮ್ಮವರು ಹೋಗಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಹನ್ನೊಂದನೇ ದಿನ ನಾನು ಆ ಕಾಗದ ತೆಗೆದು ಎರಡನೇ ಪುಟ ಓದಿದೆ. ಆಮೇಲೆ ಗ್ಯಾರೇಜಿಗೆ ಹೋದೆ.

"ಚಾಚಾ, ಹಿಂದ ಬಂದ ಕಾಗದದಾಗ ಒಂದು ಪುಟ ನಾ ನಿಮಗ ಓದಿ ಹೇಳಿರಲಿಲ್ಲ. ನನ್ನ ತಪ್ಪು."

ಅವರು ಜೀಪಿನ ಕೆಳಗಿನಿಂದ ಸರಿದು ಬಂದು ಟಯರಿನ ಮೇಲೆ ಕೂತರು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಈ ಆಕಾರವನ್ನು ಮೊಟ್ಟಮೊದಲು ಮಾಡಿದವರು ರಾಯಚೂರಿನ ರಫೀಕ್ ಆಟೋ ವರ್ಕ್ಸ್. ದೇವದುರ್ಗ, ಮಾನ್ವಿ, ಸಿರವಾರದ ದಾರಿಗಳಲ್ಲಿ ಇದು ಬಳಕೆಯಲ್ಲಿದೆ ಎಂದು ಹನ್ನೊಂದು ಚಾಲಕರು ಸಹಿ ಮಾಡಿದ್ದಾರೆ. ಕೆಳಗೆ ಸಹಿ ಮಾಡಿರುವ ಅಧಿಕಾರಿಯೂ ಇದನ್ನು ದೇವದುರ್ಗದಲ್ಲಿ ಸ್ವತಃ ಕಂಡಿದ್ದಾನೆ. ಅದರ ತಳದಲ್ಲಿ ರಫೀಕ್ ಎಂಬ ಹೆಸರು ಗೀರಿದೆ. ಇನ್ನು ಮುಂದೆ ಬೇರೆ ಯಾರೇ ಈ ಆಕಾರ ತಮ್ಮದೆಂದು ಕೇಳಿದರೆ, ಈ ಪುಟವನ್ನು ತೋರಿಸಿ ಇಲ್ಲವೆನ್ನತಕ್ಕದ್ದು. ಈ ಪುಟವನ್ನು ಕಚೇರಿಯ ಪುಸ್ತಕದಲ್ಲಿ ಸೇರಿಸಲಾಗಿದೆ.

ಮಿಸ್ತ್ರಿ ಟಯರಿನಿಂದ ಎದ್ದು ನಿಂತರು.

"ತಳ ನೋಡ್ಯಾರ?" ಎಂದರು. "ಅದನ್ನ ನಾ ಯಾರಿಗೂ ಹೇಳಿಲ್ಲ ಬೇಟಿ. ಮನ್ಯಾಗ ಸೈತ."

"ಹೂಂ ಚಾಚಾ. ನೋಡ್ಯಾರ."

"ಇಂಗ್ಲಿಷಿನ್ಯಾಗ ಓದು ಒಂದ್ಸಲ. ಅವನ ಹೆಸರು ಹೆಂಗ ಕೇಳ್ತದ ನೋಡ್ತೀನಿ."

ಓದಿದೆ. ಆ ಹೆಸರು ಬಂದ ಕಡೆಯೆಲ್ಲಾ ಅವರು ತಲೆದೂಗಿದರು. ಕಾಗದವನ್ನು ಅವರ ಕೈಗೆ ಕೊಟ್ಟೆ. ಎಣ್ಣೆ ಹತ್ತೀತೆಂದು ಬೆರಳ ತುದಿಗಳಲ್ಲೇ ಹಿಡಿದುಕೊಂಡು, ಕೆಳಗಿನ ಸಣ್ಣ ಸಹಿಯನ್ನು ನೋಡಿದರು.

"ಈ ಸಾಹೇಬ್ರಿಗೆ ನನ್ನ ಸಲಾಂ ಬರಿ. ಇತ್ತ ಬಂದ್ರ ಒಂದ್ಸಲ ಗ್ಯಾರೇಜಿಗೆ ಬಂದು ಚಹಾ ಕುಡದು ಹೋಗ್ರಿ ಅಂತ ಬರಿ."

"ಬರೀತೀನಿ ಚಾಚಾ," ಎಂದೆ.