ಅಂಕಯ್ಯನವರ ಕೈತಪ್ಪಿದ ಫೋಟೊಗಳು

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ತಾಲ್ಲೂಕುಗಳ ಮದುವೆ ಸಾಮ್ರಾಜ್ಯವನ್ನು ಇಪ್ಪತ್ತೆರಡು ವರ್ಷ ಆಳಿದ ಚಕ್ರವರ್ತಿ, ಮದುವೆ ದಳ್ಳಾಳಿ ಗುತ್ತಲಿನ ಅಂಕಯ್ಯನವರು. ಕತ್ತಿಯ ಜಾಗದಲ್ಲಿ ಮಡಿಸುವ ಕೊಡೆ, ಬೊಕ್ಕಸದ ಜಾಗದಲ್ಲಿ ಹೆಗಲಿನ ಬಟ್ಟೆಚೀಲ. ಆ ಚೀಲದಲ್ಲಿ ಹೆಣ್ಣುಮಕ್ಕಳ ಫೋಟೊ, ಜಾತಕ. ಕವರಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ದೇವರ ಪಟದ ಮುಂದೆ ಇಟ್ಟು ಹೆತ್ತವರು ಕೊಡುತ್ತಿದ್ದರು. ಈಸಿಕೊಳ್ಳುವಾಗ ಅಂಕಯ್ಯ ಹೇಳುತ್ತಿದ್ದುದು ಒಂದೇ ಮಾತು: “ನಿಮ್ಮುನ್ನ ಕೇಳ್ದೆ ಇನ್ನೊಬ್ರ ಕಣ್ಣಿಗೆ ಬೀಳಾಕಿಲ್ಲ.” ಬಿದ್ದಿರಲೂ ಇಲ್ಲ.

ಗೆಜ್ಜಲಗೆರೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದ ಮಗಳು ಸುನಿತಾ ತನ್ನ ಹಳೇ ಲ್ಯಾಪ್‌ಟಾಪನ್ನು ಅಪ್ಪನಿಗೆ ಕೊಟ್ಟಳು. ಚೀಲದಲ್ಲಿದ್ದ ಇನ್ನೂರ ನಲವತ್ತು ಹೆಣ್ಣುಮಕ್ಕಳು ಫೋನ್ ನಂಬರಿನ ಸಮೇತ ಮೇಲ್‌ನೊಳಗೆ ಸೇರಿದರು. ಜೊತೆಗೆ ಸುನಿತಾ ಎಚ್ಚರಿಕೆಯನ್ನೂ ಕೊಟ್ಟಳು.

“ಅಪ್ಪ, ಹೋಟ್ಲು, ಬಸ್‌ಸ್ಟ್ಯಾಂಡ್ ವೈಫೈನಲ್ಲಿ ಮೇಲ್ ತೆಗೀಬ್ಯಾಡ. ನಿನ್ ಫೋನಿಂದ್ಲೇ ನೆಟ್ ಕೊಟ್ಕೊ. ಹೋಟ್ಲುದೇ ಬೇಕು ಅಂದ್ರೆ, ನಿಮ್ ವೈಫೈ ಯಾವ್ದು ಅಂತ ಕೇಳ್ಕೊಂಡು ಹಾಕ್ಕೊ.”

“ಇನ್ನೂರು ಸಂಸಾರ ಕಟ್ದೋನ್ಗೆ ಬುದ್ಧಿ ಯೋಳ್ತೀಯಾ? ಸುಮ್ಕಿರು ಕಣಮ್ಮ.”

ಕೇಳುವುದು ಎಂಬುದೇ ಅಂಕಯ್ಯನವರಿಗೆ ಆಗದ ಕೆಲಸ. ಊರೆಲ್ಲ ಬಂದು ತಮ್ಮನ್ನು ಕೇಳಬೇಕು. ತಾವು ಬಾಯಿಬಿಟ್ಟು ಕೇಳಿದರೆ ದಳ್ಳಾಳಿಯ ಬೆಲೆ ಅಲ್ಲಿಗೇ ಇಳಿಯಿತು ಎಂಬುದು ಅವರ ವೃತ್ತಿಧರ್ಮ.

ಆ ಮಾಘಮಾಸದ ಒಂದು ಬೆಳಿಗ್ಗೆ, ಮದ್ದೂರು ರೈಲ್ವೆ ಸ್ಟೇಷನ್ ಹತ್ತಿರ ರವಿಚಂದ್ರನ ಹೋಟೆಲಿನಲ್ಲಿ ಅಂಕಯ್ಯ ಲ್ಯಾಪ್‌ಟಾಪ್ ತೆರೆದರು. ಮೈಸೂರಿನ ಗಂಡಿನ ಕಡೆಯವರು ಫೋಟೊಗೆ ಅವಸರ ಮಾಡುತ್ತಿದ್ದರು. ಪರದೆಯ ಮೇಲೆ ಹೋಟೆಲಿನ ಹೆಸರಿನ ಎರಡು ವೈಫೈ ಕಂಡವು. ಒಂದಕ್ಕೆ ಬೀಗದ ಗುರುತು. ಇನ್ನೊಂದಕ್ಕೆ ಬೀಗವೂ ಇಲ್ಲ, ಮೇಲೆ ‘ಫ್ರೀ’ ಎಂಬ ಬಿರುದು. ರವಿಚಂದ್ರ ನಾಲ್ಕೇ ಹೆಜ್ಜೆ ದೂರದ ಗಲ್ಲಾದಲ್ಲಿದ್ದ. ಚಕ್ರವರ್ತಿಗಳು ಕೇಳಲಿಲ್ಲ. ಬೀಗವಿಲ್ಲದ ಕೋಟೆಗೆ ನುಗ್ಗಿದರು. ಮೇಲ್ ವಿಳಾಸ, ಪಾಸ್‌ವರ್ಡ್ ಹಾಕಿದರೆ ನೆಟ್ ಉಚಿತ ಎಂದು ಒಂದು ಪುಟ ತೆರೆದುಕೊಂಡಿತು. ಒಂಟಿ ಬೆರಳಿನಲ್ಲಿ, ಶಾಸನ ಕೆತ್ತುವ ಗಾಂಭೀರ್ಯದಿಂದ, ಅಂಕಯ್ಯ ಎರಡನ್ನೂ ಬರೆದುಕೊಟ್ಟರು. ನೆಟ್ ಬಂತು. ದಿಗ್ವಿಜಯದ ಗುರುತಾಗಿ ಇನ್ನೊಂದು ವಡೆ ಹೇಳಿದರು.

ನಾಲ್ಕನೇ ದಿನ ಮೇಲ್ ಅವರನ್ನೇ ಒಳಗೆ ಬಿಡಲಿಲ್ಲ. ಪಾಸ್‌ವರ್ಡನ್ನು ಯಾರೋ ಬದಲಿಸಿದ್ದರು. ಐದನೇ ದಿನ ಮಳವಳ್ಳಿಯಿಂದ ದೀಪಿಕಳ ಫೋನು. ಆ ಇನ್ನೂರ ನಲವತ್ತರಲ್ಲಿ ಒಬ್ಬಳು, ನರ್ಸ್ ಕೆಲಸದ ಹುಡುಗಿ. ಅವಳ ಫೋಟೊ, ನಂಬರು ಯಾವುದೋ ಹೊಲಸು ಪುಟದಲ್ಲಿದ್ದವು. ಗುರುತು ಪರಿಚಯವಿಲ್ಲದ ಗಂಡಸರು ಹಗಲೆಲ್ಲ ಫೋನು ಮಾಡುತ್ತಿದ್ದರು.

ಮಗಳ ಎಚ್ಚರಿಕೆ ನೆನಪಾಗಿ ಅಂಕಯ್ಯ ಹೋಟೆಲಿಗೆ ಓಡಿದರು.

“ನಿನ್ ವೈಫೈ ನನ್ ಮಾನ ಕಳೀತಲ್ಲೋ ರವಿ!”

“ಬೀಗ ಇರೋದೊಂದೇ ನಮ್ದು ಕಣಣ್ಣ. ಇನ್ನೊಂದ ಯಾವನೋ ನಮ್ಮೆಸ್ರಲ್ಲಿ ಇಲ್ಲೇ ಕೂತ್ಕಂಡು ಮಾಡವ್ನೆ, ಪಾಸ್‌ವರ್ಡ್ ಕದಿಯಾಕೆ. ಒಂದ್ ಮಾತು ಕೇಳಿದ್ರೆ ಬಾಯಿ ಸವ್ದೋಯ್ತಿತ್ತಾ?”

ಸವೆಯುತ್ತಿರಲಿಲ್ಲ. ಅದೇ ಅವರನ್ನು ತಿನ್ನುತ್ತಿದ್ದುದು.

ಸುನಿತಾ ಅಪ್ಪನನ್ನು ಪೊಲೀಸರ ಹತ್ತಿರ ಕರೆದುಕೊಂಡು ಹೋಗಿ ದೂರು ಕೊಡಿಸಿದಳು. ಮೇಲ್ ವಾಪಸು ಬಂತು. ಆಚೆ ಹೋದ ಫೋಟೊಗಳನ್ನು ವಾಪಸು ಕರೆಯುವುದು ಯಾರ ಕೈಯಲ್ಲೂ ಇರಲಿಲ್ಲ.

ಮಳವಳ್ಳಿಯಲ್ಲಿ ದೀಪಿಕ ಅವರನ್ನು ಗೇಟಿನ ಆಚೆಯೇ ನಿಲ್ಲಿಸಿಕೊಂಡಳು.

“ತಪ್ಪಾಯ್ತು ಕಣವ್ವ,” ಎಂದರು.

“ನಂಬರ್ ಬದಲಾಯಿಸ್ದೆ. ಡ್ಯೂಟಿಗೆ ಓಗೋ ದಾರೀಲಿ ಯಾರಾದ್ರೂ ದಿಟ್ಟಿಸಿದ್ರೆ, ಇವ್ನೂ ನೋಡವ್ನೇನೋ ಅನ್ಸುತ್ತೆ. ಅದನ್ನ ಹೆಂಗ್ ಬದಲಾಯಿಸ್ಲಿ?” ಗೇಟಿನ ಚಿಲಕ ಹಿಡಿದೇ ಕೇಳಿದಳು. “ಮಿಕ್ಕೋರ್ಗೆ ಯೋಳಿದ್ದೀರಾ?”

“ಇನ್ನೂ ಇಲ್ಲ ಕಣವ್ವ.”

“ಕದ್ದೋನ್ ಯಾರು ಅಂತ ನಂಗೊತ್ತಿಲ್ಲ. ಕೊಟ್ಟಿದ್ದು ನಿಮ್ ಕೈಗೆ. ಫೋನಲ್ಲಲ್ಲ, ಮನೇಗೇ ಓಗಿ ಯೋಳಿ.”

ಇನ್ನೂರ ಮೂವತ್ತೊಂಬತ್ತು ಮನೆ. ದಂಡಯಾತ್ರೆ ಹನಕೆರೆಯ ಮಾದಯ್ಯನ ಮನೆಯಿಂದ ಶುರುವಾಯಿತು. ಇಷ್ಟು ಭಯಪಟ್ಟುಕೊಂಡು ಅಂಕಯ್ಯ ಯಾವ ಜಗಲಿಯನ್ನೂ ಹತ್ತಿರಲಿಲ್ಲ. ಮಾದಯ್ಯನಿಗೆ ಅದೆಲ್ಲಿ ಕಾಣಬೇಕು? ಎರಡು ವರ್ಷದಿಂದ ಮಗಳಿಗೆ ಗಂಡು ಹುಡುಕುತ್ತಿದ್ದವನು ಟವೆಲ್ಲಿನಿಂದ ಕುರ್ಚಿ ಒರೆಸುತ್ತಲೇ ಒಳಕ್ಕೆ ಕೂಗಿದ.

“ಲೇ, ಅಂಕಯ್ಯನೋರು ಬಂದವ್ರೆ, ಕಾಪಿ ಮಡಗು! ಕೂತ್ಕಳಿ, ಕೂತ್ಕಳಿ. ಗಂಡು ಯಾವೂರು?”

ಬಾಗಿಲ ಮರೆಯಲ್ಲಿ ಬಳೆ ಸದ್ದು ನಿಂತಿತು. ಹುಡುಗಿಯೂ ಕೇಳಿಸಿಕೊಳ್ಳುತ್ತಿದ್ದಳು.

ಅಂಕಯ್ಯ ಕೂರಲಿಲ್ಲ.

“ಗಂಡಿನ ಇಚಾರ ಅಲ್ಲ ಮಾದಯ್ಯ. ನೀನ್ ಕೊಟ್ಟಿದ್ ಫೋಟೊ ಕಳ್ಳರ ಕೈ ಸೇರ್ಕಂಡದೆ. ನನ್ನಿಂದ್ಲೇ.”

ಮಾದಯ್ಯನ ಮುಖದ ನಗು ಇನ್ನೂ ಹಾಗೇ ಇತ್ತು. ಮಾತು ಅರ್ಥವಾಗಲು ಅವನಿಗೆ ಒಂದಿಷ್ಟು ಹೊತ್ತು ಬೇಕಾಯಿತು.