ಉರ್ದು ಹಾಳೆಯ ಮೂರು ಬಾಣಗಳು

ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆ ನೀರು ಮಾಡುವ ಕ್ರಮವನ್ನು ನಮ್ಮ ಆರೋಗ್ಯ ಸಂಸ್ಥೆ ಉರ್ದುವಿನಲ್ಲೂ ಹಂಚಬೇಕಿತ್ತು. ಶಿವಾಜಿನಗರದ ಡಿಟಿಪಿ ಅಂಗಡಿಯ ನಸೀಮಾ ಅವರಿಗೆ ‘ಕುದಿಸಿ → ಆರಿಸಿ → ಬೆರೆಸಿ → ಕುಡಿಸಿ’ ಎಂಬ ಕನ್ನಡ ಹಾಳೆಯನ್ನು ಉರ್ದುವಿನಲ್ಲಿ ಟೈಪ್ ಮಾಡಲು ಕೊಟ್ಟು, “ಬಾಣಗಳನ್ನ ಮುಟ್ಬೇಡಿ, ಬಾಣಕ್ಕೆ ಯಾವ ಭಾಷೆ?” ಎಂದೆ.

ಅವರು ನಕ್ಕರು. “ಮೇಡಂ, ನಾವು ಬಲಗಡೆಯಿಂದ ಓದೋದು. ‘ಕುದಿಸಿ’ ಬಲಕ್ಕೆ ಬರುತ್ತೆ, ‘ಕುಡಿಸಿ’ ಎಡಕ್ಕೆ. ನಿಮ್ಮ ಬಾಣ ನಂಬಿದ್ರೆ ಮೊದಲು ಮಗೂಗೆ ಕುಡಿಸಿ, ಆಮೇಲೆ ನೀರು ಕುದಿಸ್ತಾರೆ!”

ಆಲ್ಟ್ ಕೀಲಿ ಒತ್ತಿಹಿಡಿದು, ಎಡಬಾಣದ ಸಂಕೇತ ಸಂಖ್ಯೆ ಇಪ್ಪತ್ತೇಳು ಹೊಡೆದು, ಕೀಲಿಮಣೆ ನೋಡದೆಯೇ ಮೂರೂ ಬಾಣಗಳನ್ನು ಎಡಕ್ಕೆ ತಿರುಗಿಸಿಬಿಟ್ಟರು. ನಾನು ಬೆರಗಾಗಿ ನೋಡುತ್ತಿದ್ದೆ.

“ಇಬ್ಬರು ಡಾಕ್ಟರು ನೋಡಿ ಒಪ್ಪಿದ್ದು ರೀ ಇದು,” ಎಂದು ಗೊಣಗಿದೆ.

“ಅವರಿಗೆ ಉರ್ದು ಬರುತ್ತಾ?”

ಅವರಿಗೂ ಬರಲ್ಲ, ನನಗೂ ಬರಲ್ಲ. ದೇಶ ಸುತ್ತಿ ಆರು ಭಾಷೆಗಳಲ್ಲಿ ಚಹಾ ಕೇಳೋದು ಕಲಿತಿದ್ದೇನೆ, ಅಷ್ಟೇ.